ಎರಡು ಎಲೆಗಳ ಎತ್ತರ

ಬೇಲಿಯನ್ನು ಕತ್ತರಿಸುವ ಮೊದಲು ಕೂತು ನೋಡಬೇಕು ಎಂಬುದು ಕೊಗುರೆ ಮೇಸ್ತ್ರಿಯ ಪದ್ಧತಿ. ಅದರಂತೆ ಶಿನೊ ಬುಧವಾರ ಬೆಳಗ್ಗೆ ಎಂಟು ಗಂಟೆಗೆ ಹಕುರೊ ಮಠದ ಹಿಂಬಾಗಿಲಲ್ಲಿ ಮಣ್ಣು ಮೆತ್ತಿದ ಬೂಟುಗಳನ್ನು ಕಳಚಿದಳು; ಚೀಲದಿಂದ ಒಗೆದ ಬಿಳಿಯ ಕಾಲುಚೀಲಗಳನ್ನು ತೆಗೆದು ಹಾಕಿಕೊಂಡಳು; ತೋಟಕ್ಕೆ ತೆರೆದುಕೊಂಡ ದೊಡ್ಡ ಕೋಣೆಯ ಚಾಪೆಯ ಮೇಲೆ ಮಂಡಿ ಮಡಚಿ ಕುಳಿತಳು. ಒಂದು ಊದುಬತ್ತಿ ಉರಿದು ಮುಗಿಯುವವರೆಗೆ ಅಲುಗಬಾರದು. ಒಂಬತ್ತು ವರ್ಷ ಅವಳು ಮೇಸ್ತ್ರಿಯ ಬೆನ್ನ ಹಿಂದೆ ಹೀಗೆ ಕೂತಿದ್ದಳು. ಈ ಸಲ ಮುಂದೆ ಬೆನ್ನಿರಲಿಲ್ಲ.

ಊದುಬತ್ತಿ ಕಾಲುಭಾಗ ಉರಿಯುವಷ್ಟರಲ್ಲಿ ಅವಳ ಬೆರಳುಗಳು ತೊಡೆಯ ಮೇಲೆ ಓಡಾಡತೊಡಗಿದವು.

ತೋಟದಲ್ಲಿ ಇದ್ದದ್ದು ಬಹಳವಲ್ಲ. ಪಾಚಿಯ ನೆಲ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೂತ ಮೂರು ಕಲ್ಲು, ಹದಿನಾರು ಮೀಟರ್ ಆಚೆ ಈ ತುದಿಯಿಂದ ಆ ತುದಿಗೆ ದಪ್ಪ ಹೊಳಪಿನ ಎಲೆಯ ತ್ಸುಬಾಕಿ ಗಿಡಗಳ ಬೇಲಿ, ಬೇಲಿಯ ಮೇಲೆ ಹಿಯೇ ಬೆಟ್ಟ. ಬೆಟ್ಟ ಮಠದ್ದಲ್ಲ, ಅದು ಐದು ಕಿಲೋಮೀಟರ್ ದೂರದಿಂದ ಎರವಲು ತಂದದ್ದು. ತಂದುಕೊಡುವ ಕೆಲಸ ಬೇಲಿಯದು. ನಡುವೆ ಇರುವ ಛಾವಣಿಗಳು, ತಂತಿಗಳು, ರೈಲುಮಾರ್ಗ, ಇವನ್ನೆಲ್ಲ ಅದು ತನ್ನ ಹಿಂದೆ ಮುಚ್ಚಿಟ್ಟು, ಬೆಟ್ಟವನ್ನು ಪಾದದಿಂದ ನೆತ್ತಿಯವರೆಗೆ ಪಾಚಿಯ ಅಂಚಿಗೆ ತಂದು ನಿಲ್ಲಿಸುತ್ತದೆ. ಅದಕ್ಕೆ ಬೇಲಿಯ ಎತ್ತರ ನೂರ ಅರವತ್ತೈದು ಸೆಂಟಿಮೀಟರ್ ಇರಬೇಕು. ಹಿಂದಿನ ಮೇಸ್ತ್ರಿಗಳೆಲ್ಲ ಆ ಗೆರೆಯನ್ನು ಕಾಪಾಡಿಕೊಂಡು ಬಂದಿದ್ದರು.

ಈಗ ಅದು ಇನ್ನೂರೈದು ಇತ್ತು. ಬೆಟ್ಟದ ಕಾಲುಭಾಗ ಮುಳುಗಿತ್ತು. ಉಳಿದದ್ದು ಸೊಂಟದವರೆಗೆ ನೀರಿಗಿಳಿದು ಹತ್ತಲಾರದೆ ನಿಂತವರ ಹಾಗೆ ಕಾಣುತ್ತಿತ್ತು.

ಕಾರಣ ಅವಳಿಗೆ ಗೊತ್ತಿತ್ತು. ಹೋದ ಚಳಿಗಾಲದಲ್ಲಿ ಹಿರಿಯ ಗುರುಗಳಾದ ತೆಕ್ಕಾನ್ ಅವರ ಎರಡೂ ಮಂಡಿಗಳಿಗೆ ಶಸ್ತ್ರಚಿಕಿತ್ಸೆಯಾಯಿತು. ಅಂದಿನಿಂದ ಅವರು ಚಾಪೆಯ ಮೇಲೆ ಕೂರಲಾರದೆ ಇದೇ ಕೋಣೆಯ ನಡುವೆ ಒಂದು ಮರದ ಕುರ್ಚಿಯಲ್ಲಿ ಕೂರತೊಡಗಿದರು. ಏಪ್ರಿಲ್‌ನಲ್ಲಿ ಒಂದು ದಿನ, "ಬೇಲಿ ಮೇಲೆ ಏನೋ ಬೆಳ್ಳಗೆ ಕೂತಿದೆ," ಎಂದರು. ಏಳುನೂರು ಮೀಟರ್ ಆಚೆ ತಗ್ಗಿನಲ್ಲಿ ಹೊಸದಾಗಿ ಎದ್ದ ವಸತಿ ಕಟ್ಟಡದ ನೀರಿನ ಟ್ಯಾಂಕ್ ಅದು. ಮಠದ ಆಡಳಿತ ನೋಡಿಕೊಳ್ಳುವ ಮಗ ಕೇಶುನ್ ಅಪ್ಪನ ಪಕ್ಕದಲ್ಲಿ ನಿಂತು ನೋಡಿದ, ಜೂನ್ ತಿಂಗಳ ಕತ್ತರಿ ಕೆಲಸವನ್ನು ನಿಲ್ಲಿಸಿದ, ಬೇಲಿ ಬೆಳೆಯಿತು.

"ಮುಗೀತಾ ನೋಡಿದ್ದು?" ಕೇಶುನ್ ಬಾಗಿಲಲ್ಲಿ ನಿಂತಿದ್ದ. ಅವನು ಕೂತದ್ದನ್ನು ಶಿನೊ ಈವರೆಗೆ ಕಂಡಿರಲಿಲ್ಲ. ನಿಲುವಂಗಿಯ ತೋಳಿನಲ್ಲಿ ಫೋನು, ಕಂಕುಳಲ್ಲಿ ಕಡತ. "ಮೇಲ್ಗಡೆ ಚಿಗುರು ಸಮ ಮಾಡಿದ್ರೆ ಸಾಕು. ಕೆಳಗಿಳಿಸೋದು ಬೇಡ."

"ಇಲ್ಲಿ ಕೂತ್ರೆ ಬೆಟ್ಟ ಕಾಲುಭಾಗ ಕಾಣ್ತಿಲ್ಲ."

"ಅಪ್ಪನಿಗೆ ಟ್ಯಾಂಕ್ ಕಾಣ್ಬಾರ್ದು. ಅಷ್ಟೇ ನನಗೆ ಗೊತ್ತಿರೋದು." ಅವನು ಹೊರಟವನು ಮತ್ತೆ ತಿರುಗಿದ. "ಭಾನುವಾರ ಮಠಕ್ಕೆ ನಡೆದುಕೊಳ್ಳೋ ಹದಿನೆಂಟು ಮನೆಯವರು ಸೇರ್ತಾರೆ. ಮುಂದಿನ ವರ್ಷದಿಂದ ತೋಟ ಯಾರಿಗೆ ಅನ್ನೋದೂ ಅವತ್ತೇ ತೀರ್ಮಾನ. ಕೊಗುರೆ ಅವರಿಗೆ ಕಣ್ಣಿಲ್ಲ. ಪೇಟೆಯ ದೊಡ್ಡ ಕಂಪನಿಯವರೂ ಬಂದು ಕೇಳಿದಾರೆ. ನನಗೆ ನಿಮ್ಮ ಮೇಲೆ ಸಿಟ್ಟೇನಿಲ್ಲ ಶಿನೊ. ಹೇಳಿದಷ್ಟು ಮಾಡಿ."

ಊದುಬತ್ತಿ ಇನ್ನೂ ಅರ್ಧ ಉಳಿದಿತ್ತು. ಅವಳು ಮುಗಿಯುವವರೆಗೂ ಕೂತಳು, ಆದರೆ ನೋಡಲಿಲ್ಲ.

ಅಂದು ಸಂಜೆ ಅವಳು ತಾಕಾನೊ ಹೊಳೆಯ ದಂಡೆಯಲ್ಲಿದ್ದ ಮೇಸ್ತ್ರಿಯ ಮನೆಗೆ ಹೋದಳು. ಕೊಗುರೆ ಜಗಲಿಯಲ್ಲಿ ಕಾಕಿ ಹಣ್ಣುಗಳ ಸಿಪ್ಪೆ ಸುಲಿಯುತ್ತ ಕೂತಿದ್ದರು, ಒಣಗಿಸಿಡುವುದಕ್ಕೆ. ಕಣ್ಣುಗಳಲ್ಲಿ ಪೊರೆ ಬಲಿತಿತ್ತು. ಡಿಸೆಂಬರ್‌ನಲ್ಲಿ ಅದನ್ನು ತೆಗೆಯುವವರಿದ್ದರು. ಆದರೂ ಸಿಪ್ಪೆ ಎಲ್ಲಿಯೂ ತುಂಡಾಗದೆ ಒಂದೇ ಪಟ್ಟಿಯಾಗಿ ಇಳಿಯುತ್ತಿತ್ತು.

"ಬಂದ್ಯಾ? ಕಾಲಪ್ಪಳಿಸೋದು ಕೇಳಿದ್ರೇ ಗೊತ್ತಾಗುತ್ತೆ. ಕೂತ್ಕೋ. ನಿನ್ನ ಅಳತೆ ಯಂತ್ರ ಏನಂತು?"

"ನಲವತ್ತು ಸೆಂಟಿಮೀಟರ್ ಬೆಳೆದಿದೆ ಮೇಸ್ತ್ರಿ. ಲೆಕ್ಕ ಹಾಕಿದೆ. ಈ ಎತ್ತರ ಗುರುಗಳ ಕುರ್ಚಿಗೆ ಸರಿಹೋಗುತ್ತೆ. ನೆಲದ ಮೇಲೆ ಕೂತು ನೋಡುತ್ತಿದ್ದದ್ದೇ ಅವರಿಗೀಗ ಕುರ್ಚಿಯಿಂದ ಕಾಣುತ್ತೆ. ಆದ್ರೆ ನೆಲದ ಮೇಲೆ ಕೂರೋ ಎಲ್ಲರಿಗೂ ಬೆಟ್ಟ ಹೋಯ್ತು. ಹಳೇ ಗೆರೆಗೆ ಇಳಿಸಿದ್ರೆ ಎಲ್ಲರಿಗೂ ಬೆಟ್ಟ ಬರುತ್ತೆ, ಗುರುಗಳಿಗೆ ಟ್ಯಾಂಕ್ ಬರುತ್ತೆ."

"ಹೂಂ."

"ಬರೀ ಹೂಂ ಅಂದ್ರೆ? ಇಳಿಸಿದ ಮೇಲೆ ತಪ್ಪಾಯ್ತು ಅಂದ್ರೆ ಒಂದು ವರ್ಷ ಮತ್ತೆ ಬೆಳೆಯಲ್ಲ. ಮಠದ ಕೆಲಸ ಹೋದ್ರೆ ನಮಗೆ ಇನ್ನೇನು ಉಳಿಯುತ್ತೆ? ನೀವಾಗಿದ್ರೆ ಏನ್ ಮಾಡ್ತಿದ್ರಿ?"

"ನಾನಾಗಿದ್ರೆ ಏಣಿಯಿಂದ ಬೀಳ್ತಿದ್ದೆ. ಕಣ್ಣು ಕಾಣಲ್ವಲ್ಲ." ಅವರು ಸುಲಿದ ಹಣ್ಣನ್ನು ದಾರಕ್ಕೆ ಕಟ್ಟಿದರು. "ಯಾರ ಕಣ್ಣಿಗೆ ಅಂತ ತಿಳ್ಕೊಳ್ದೆ ಕತ್ತರಿ ಎತ್ಬೇಡ. ನಾನು ಹೇಳೋದು ಇಷ್ಟೇ. ಎದ್ದೇಳು, ನಿನ್ನ ಚಡಪಡಿಕೆಗೆ ನನ್ನ ಹಣ್ಣು ಉದುರುತ್ತೆ."

ಗುರುವಾರ ಅವಳು ಬೇಲಿಯ ಮುಂಬದಿಯನ್ನು ಮಾತ್ರ ನೇರಗೊಳಿಸಿದಳು. ಮೇಲೆ ಕೈಹಾಕಲಿಲ್ಲ. ಮಧ್ಯಾಹ್ನ ಅನ್ನದ ಉಂಡೆಯನ್ನು ಅರ್ಧ ತಿಂದು ಬಿಟ್ಟಳು. ಮಟ್ಟದ ದಾರವನ್ನು ಹಳೆಯ ಗೆರೆಗೆ ಕಟ್ಟಿದಳು, ಬಿಚ್ಚಿದಳು, ಹೊಸ ಗೆರೆಗೆ ಕಟ್ಟಿದಳು. ಮೂರನೆಯ ಸಲ ಬಿಚ್ಚುವಾಗ ಹಿಂದಿನಿಂದ ಊರುಗೋಲಿನ ಸದ್ದಾಯಿತು.

"ದಾರಕ್ಕೆ ಏನಾದ್ರೂ ಹರಕೆ ಇದ್ಯೇನಮ್ಮ?" ತೆಕ್ಕಾನ್ ಗುರುಗಳು ಜಗಲಿಯ ಅಂಚಿಗೆ ಬಂದಿದ್ದರು.

ಅವಳು ತಲೆಬಾಗಿದಳು. ಬೇಸಿಗೆಯಿಂದೀಚೆಗೆ ಗುರುಗಳು ಈ ಕೋಣೆಗೆ ಅಪರೂಪಕ್ಕೆ ಬರುತ್ತಾರೆಂದು ಅಡುಗೆಮನೆಯವರು ಹೇಳಿದ್ದು ನೆನಪಾಯಿತು. ಅಳುಕುತ್ತಲೇ ಕೇಳಿದಳು: "ಗುರುಗಳೇ, ಈಗ ಕುರ್ಚಿಯಿಂದ ಬೆಟ್ಟ ಸರಿಯಾಗಿ ಕಾಣುತ್ತಲ್ವಾ?"

"ಬಹಳ ಚೆನ್ನಾಗಿ ಕಾಣುತ್ತೆ. ಅದೇ ತೊಂದ್ರೆ." ಅವರು ಕೋಲನ್ನು ಕಂಬಕ್ಕೆ ಒರಗಿಸಿದರು. "ನಲವತ್ತು ವರ್ಷ ಬಂದೋರಿಗೆಲ್ಲ ಬೆಟ್ಟ ತೋರಿಸ್ತಾ ಇದ್ದೆ. ಈಗ ನಾನು ಮೇಲೆ ಕೂತು ಒಬ್ಬನೇ ನೋಡ್ತೀನಿ, ಅವರು ಕೆಳಗೆ ಕೂತು ಬೇಲಿ ನೋಡ್ತಾರೆ. ಅತಿಥಿ ಎದುರಿಗೆ ಒಬ್ಬನೇ ಉಂಡ ಹಾಗಿರುತ್ತೆ."

"ಕೇಶುನ್ ಅವರಿಗೆ ಹೇಳ್ಬಹುದಿತ್ತು."

"ಅವನು ಪ್ರೀತಿಯಿಂದ ಮಾಡಿದ್ದು. ಬೇಡ ಅನ್ನೋದು ಹೇಗೆ? ಒಂದು ಮಾತು ಬಾಯ್ತಪ್ಪಿ ಆಡಿದೆ, ಆರು ತಿಂಗಳು ಬೇಲಿ ಬೆಳೀತು. ಎರಡನೇ ಮಾತಿಗೆ ಏನು ಬೆಳೆಯುತ್ತೋ ಅಂತ ಸುಮ್ಮನಾದೆ."

ಶಿನೊ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, ಯಾವ ತೋಟಗಾರನೂ ಈ ಮಠದಲ್ಲಿ ಕೇಳಿರದ ಒಂದು ಮಾತನ್ನು ಕೇಳಿದಳು. "ನಿಮ್ಮ ಕುರ್ಚಿಯಲ್ಲಿ ನಾನು ಒಂದು ಸಲ ಕೂರಬಹುದಾ?"

"ಕೂತ್ಕೋ. ಅದರ ಒಂದು ಕಾಲು ಗಿಡ್ಡ, ಹುಷಾರು. ಮಂಡಿ ಥರಾನೇ."

ಅವಳು ಬಿಳಿಯ ಕಾಲುಚೀಲ ಹಾಕಿಕೊಂಡು ಬಂದು ಕುಳಿತಳು. ಗುರುಗಳ ಕಣ್ಣಿನ ಮಟ್ಟಕ್ಕೆ ಬೆನ್ನನ್ನು ತುಸು ಬಗ್ಗಿಸಿಕೊಂಡಳು. ಎದ್ದು ಕುರ್ಚಿಯ ಹಿಂದೆ ನೆಟ್ಟಗೆ ನಿಂತಳು. ನಿಂತಾಗ ಕಟ್ಟಡದ ನೆತ್ತಿಯ ಟ್ಯಾಂಕ್ ಬೇಲಿಯ ಮೇಲಂಚಿನಲ್ಲಿ ತುಸುವೇ ಇಣುಕುತ್ತಿತ್ತು. ಆ ದಿಕ್ಕಿಗೆ ಒಂದು ದಾರ ಎಳೆದು, ಅದು ಬೇಲಿಯನ್ನು ಮುಟ್ಟಿದ ಕಡೆ ಕೆಂಪು ನೂಲು ಕಟ್ಟಿದಳು. ನೋಟುಪುಸ್ತಕ ತೆಗೆದು ಲೆಕ್ಕ ಮಾಡಿದಳು. ಮತ್ತೊಮ್ಮೆ ಮಾಡಿದಳು. ಎರಡು ಸಲವೂ ಉತ್ತರ ಒಂದೇ ಬಂತು.

ಕೇಶುನ್ ನಿಂತು ನೋಡಿದ್ದ. ನಿಂತವನಿಗೆ ಮರೆಯಾಗಲು ನಲವತ್ತು ಸೆಂಟಿಮೀಟರ್‌ಗಿಂತ ಹೆಚ್ಚೇ ಬೇಕು, ಸರಿ. ಕುರ್ಚಿಯಲ್ಲಿ ಕೂತವನಿಗೆ ಹಳೆಯ ಗೆರೆಯ ಮೇಲೆ ಕಾಣುವುದು ಕಟ್ಟಡವಲ್ಲ, ಟ್ಯಾಂಕ್ ಮಾತ್ರ. ಏಳುನೂರು ಮೀಟರ್ ದೂರದ ಎರಡು ಮೀಟರ್ ಅಗಲದ ವಸ್ತು, ಹದಿನಾರು ಮೀಟರ್ ದೂರದ ಬೇಲಿಯ ಮೇಲೆ, ಅಗಲದಲ್ಲಿ ಐದು ಸೆಂಟಿಮೀಟರ್ ಮುಟ್ಟುವುದಿಲ್ಲ, ಎತ್ತರದಲ್ಲಿ ನಾಲ್ಕೂವರೆ. ತ್ಸುಬಾಕಿಯ ಒಂದು ಎಲೆ ಅದಕ್ಕಿಂತ ದೊಡ್ಡದು.

"ಗುರುಗಳೇ, ನಾಳೆ ಬೇಲಿ ಇಳಿಸ್ತೀನಿ. ಎಲ್ಲವನ್ನೂ. ಒಂದು ಎಲೆ ಬಿಟ್ಟು."

ಗುರುಗಳು ಕಂಬಕ್ಕೆ ಒರಗಿಸಿದ್ದ ಕೋಲನ್ನು ಎತ್ತಿಕೊಂಡರು. "ನಾಳೆ ಕೇಶುನ್ ತಿಥಿ ಕಾರ್ಯಕ್ಕೆ ಓತ್ಸುಗೆ ಹೋಗ್ತಾನೆ. ಸಂಜೆವರೆಗೂ ಬರಲ್ಲ. ಇದನ್ನ ನಾನು ನಿನಗೆ ಹೇಳಿಲ್ಲ."

ಶುಕ್ರವಾರ ಏಳು ಗಂಟೆಗೆ ಕತ್ತರಿ ಶುರುವಾಯಿತು. ಎರಡು ತುದಿಗಳಿಂದ ನಡುವಿನ ಕಡೆಗೆ ಅವಳು ಬಂದಳು. ಮೊದಲ ಕುಡಿಯ ಬಳಿ ಎರಡು ಸಲ ದಾರ ನೋಡಿಕೊಂಡಳು. ಬಿದ್ದದ್ದನ್ನು ಮತ್ತೆ ಅಂಟಿಸಲಾಗದು ಎಂದು ಖಾತ್ರಿಯಾದ ಮೇಲೆ ಬೇಗ ಬೇಗ ಸಾಗಿದಳು. ಮಧ್ಯಾಹ್ನದ ಹೊತ್ತಿಗೆ ಇಡೀ ಬೇಲಿ ಹಳೆಯ ಗೆರೆಗೆ ಇಳಿದು, ಕೆಂಪು ನೂಲಿದ್ದ ಕಡೆ ಮಾತ್ರ ಒಂದು ತೋಳಿನಗಲದ ದಿಬ್ಬ ಉಳಿಯಿತು. ಬೆಟ್ಟ ತನ್ನ ಪಾದಗಳೊಂದಿಗೆ ಹಿಂದಿರುಗಿತ್ತು. ಅವಳು ತಿರುಗಿ ನೋಡಲಿಲ್ಲ, ದಿಬ್ಬದ್ದೇ ಚಿಂತೆ.

ಗುರುಗಳು ಕುರ್ಚಿಯಲ್ಲಿ ಕೂತರು, ಕೈಯಲ್ಲಿ ಮಡಿಸಿದ ಬೀಸಣಿಗೆ. ಗುರಿ ನೋಡುವುದು ಹೇಗೆಂದು ಶಿನೊ ತೋರಿಸಿಕೊಟ್ಟಿದ್ದಳು: ಮೇಸ್ತ್ರಿಗಳೆಲ್ಲ ನೋಡುವ ಹಾಗೆ, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ. ಅವಳು ಒಂದೊಂದೇ ಕುಡಿ ತೆಗೆದು ಪಕ್ಕಕ್ಕೆ ಸರಿಯುವಳು. ಬೀಸಣಿಗೆ ಕೆಳಗಿದ್ದರೆ ಮುಂದುವರಿಯಬಹುದು, ಎತ್ತಿದರೆ ನಿಲ್ಲಬೇಕು. ಇಪ್ಪತ್ತು ಸಲ, ಮೂವತ್ತು ಸಲ ಬೀಸಣಿಗೆ ಕೆಳಗೇ ಇತ್ತು. ಕೊನೆಗೆ ಒಂದೇ ಕಡ್ಡಿ, ಅದರ ತುದಿಯಲ್ಲಿ ಅಕ್ಕಪಕ್ಕ ಎರಡು ಎಲೆ ಉಳಿದವು. ಅವಳು ಎಡಗಡೆಯದನ್ನು ಚಿವುಟಿದಳು.

"ಕಾಣಲ್ಲ," ಎಂದರು ಗುರುಗಳು. "ಒಂದೇ ಎಲೆ. ಪೂರ್ತಿ ಮುಚ್ಚಿದೆ."

ಅವಳು ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಗ ಗುರುಗಳು ಎರಡೂ ಕಣ್ಣು ತೆರೆದರು.

"ಬಂತಲ್ಲ," ಎಂದರು.

"ಏನು ಬಂತು?"

"ಟ್ಯಾಂಕು. ಎಲೆಯೊಳಗಿಂದ ಕಾಣೋ ಹಾಗೆ, ತೆಳ್ಳಗೆ. ಬಲಗಣ್ಣಿಗಿಲ್ಲ, ಎಡಗಣ್ಣಿಗಿದೆ."

ಶಿನೊಳ ಕಿವಿ ಬಿಸಿಯಾಯಿತು. ಮನುಷ್ಯನ ಎರಡು ಕಣ್ಣುಗಳ ನಡುವೆ ಆರು ಸೆಂಟಿಮೀಟರ್ ಅಂತರವಿದೆ. ಒಂದು ಕಣ್ಣಿಗೆ ಮರೆಯಾದದ್ದು ಇನ್ನೊಂದಕ್ಕೆ ಮರೆಯಾಗಬೇಕಿಲ್ಲ. ಇಷ್ಟು ಸಣ್ಣ ಸಂಗತಿ ಲೆಕ್ಕಕ್ಕೆ ಸಿಗಲಿಲ್ಲ. ದಾರ ಹಿಡಿಯುವವರು, ಮಟ್ಟ ನೋಡುವವರು ಬದುಕಿಡೀ ಒಂದು ಕಣ್ಣು ಮುಚ್ಚಿಯೇ ನೋಡುತ್ತಾರೆ. ಯಾರೂ ಹಾಗೆ ಕೂತು ಬೆಟ್ಟ ನೋಡುವುದಿಲ್ಲ. ಎಡಗಣ್ಣಿಗೆ ಬೇಕಾದ ಎಲೆ ಅವಳ ಪಾದದ ಬಳಿ, ಪಾಚಿಯ ಮೇಲೆ, ಹೊಳೆಯುತ್ತ ಬಿದ್ದಿತ್ತು.

ಅವಳು ಬೇಲಿಯ ಹಿಂಬದಿಗೆ ಓಡಿದಳು. ಆ ಬದಿಯನ್ನು ಇನ್ನೂ ಕತ್ತರಿಸಿರಲಿಲ್ಲ. ಎದೆಮಟ್ಟದಲ್ಲಿ ಒಂದು ಎಳೆಯ ಕುಡಿ ಹೊರಚಾಚಿತ್ತು. ಅದನ್ನು ಮುರಿಯದ ಹಾಗೆ ಬಗ್ಗಿಸಿ, ಮೇಲಕ್ಕೆ ತಂದು, ಉಳಿದ ಕಡ್ಡಿಯ ಪಕ್ಕಕ್ಕೆ ಕಪ್ಪು ನಾರಿನ ಹುರಿಯಿಂದ ಕಟ್ಟಿದಳು. ಅದರ ತುದಿಯಲ್ಲಿ ಒಂದು ಎಲೆ ಬಿಟ್ಟು ಮಿಕ್ಕವನ್ನು ತೆಗೆದಳು. ಬೀಸಣಿಗೆ ಮೆಲ್ಲಗೆ ಮೇಲೆದ್ದಿತು.

"ಈಗ ಎರಡಕ್ಕೂ ಇಲ್ಲ," ಎಂದರು ಗುರುಗಳು. "ಇನ್ಮೇಲೆ ತಲೆ ಆಡಿಸೋ ಹಾಗಿಲ್ಲ ಅನ್ನು."

"ಕುರ್ಚಿಯನ್ನೂ ಸರಿಸೋ ಹಾಗಿಲ್ಲ ಗುರುಗಳೇ." ಅವಳು ಕುರ್ಚಿಯ ನಾಲ್ಕು ಕಾಲುಗಳ ಜಾಗಕ್ಕೂ ಚಾಪೆಯಲ್ಲಿ ಗುರುತು ಮಾಡಿದಳು.

ಕೇಶುನ್ ನಾಲ್ಕೂವರೆಗೆ ಬಂದ. ಜಗಲಿಯಲ್ಲಿ ನಿಂತ. ನಿಂತವನಿಗೆ ಇಡೀ ಕಟ್ಟಡ ಕಂಡಿತು: ಮಹಡಿಗಳು, ಬಾಲ್ಕನಿಗಳಲ್ಲಿ ಒಣಹಾಕಿದ ಹೊದಿಕೆಗಳು, ಟ್ಯಾಂಕ್. ಜೊತೆಗೆ ಬೇಲಿಯ ನಡುವೆ ಮರೆತುಬಿಟ್ಟ ಹಾಗೆ ಒಂದು ಕಡ್ಡಿ.

"ನಾನು ಹೇಳಿದ್ದೇನು, ನೀವು ಮಾಡಿದ್ದೇನು?" ಅವನ ದನಿ ಏರಲಿಲ್ಲ.

"ಗುರುಗಳು ಒಪ್ಪಿದ್ರು."

"ಅಪ್ಪ ಎಲ್ಲದಕ್ಕೂ ಒಪ್ತಾರೆ. ಮೊನ್ನೆ ಹೀಟರ್ ಮಾರೋಕೆ ಬಂದವನಿಗೂ ಒಪ್ಪಿದ್ರು, ಮೂರು ಹೀಟರ್ ಬಂದಿವೆ."

"ಒಂದ್ಸಲ ಕೂತು ನೋಡಿ."

"ಕೂರೋಕೆ ಪುರುಸೊತ್ತೆಲ್ಲಿದೆ? ಭಾನುವಾರ ಹದಿನೆಂಟು ಮನೆಯವರು ಬಂದು ನೋಡ್ಲಿ. ಅವರೇನಂತಾರೋ ಕೇಳಿ ನಿಮ್ಮ ವಿಷಯ ತೀರ್ಮಾನ ಮಾಡೋಣ." ಅವನು ಒಳಗೆ ಹೋದ.

ಶನಿವಾರ ಗಾಳಿ ಎದ್ದಿತು. ಶಿನೊಗೆ ಮಠದಲ್ಲಿ ಕೆಲಸವಿರಲಿಲ್ಲ. ಪಾಚಿಯ ಮೇಲಿನ ತರಗೆಲೆ ಆರಿಸುವ ನೆಪದಲ್ಲಿ ಬಂದಳು. ಒಂದು ಎಲೆ ಆರಿಸಿ ಒಮ್ಮೆ ಬೇಲಿಯನ್ನು ನೋಡುವಳು, ಇನ್ನೊಂದು ಆರಿಸಿ ಇನ್ನೊಮ್ಮೆ. ಕಟ್ಟಿದ ಕುಡಿ ಹುಟ್ಟಿನಿಂದ ಬೇರೆ ದಿಕ್ಕಿಗೆ ಬೆಳೆದದ್ದು. ಹಿಂದಕ್ಕೆ ಹೋಗಬೇಕೆಂದು ಹುರಿಯನ್ನು ಜಗ್ಗುತ್ತಿತ್ತು. ಅವಳು ಗಂಟನ್ನು ಎರಡು ಸಲ ಬಿಗಿಮಾಡಿ, ಬಿಗಿಯಾದರೆ ತೊಗಟೆ ಕೊಯ್ಯುತ್ತದೆಂದು ಮೂರನೆಯ ಸಲ ಸಡಿಲಿಸಿದಳು. ಮನೆಗೆ ಹೋದ ಮೇಲೆ ಕಿಟಕಿಯ ಚೌಕಟ್ಟು ಅಲುಗಿದಾಗಲೆಲ್ಲ ಎದ್ದು ಕೂತಳು.

ಭಾನುವಾರ ಹತ್ತು ಗಂಟೆಗೆ ಅತಿಥಿಗಳು ಬಂದು ಚಾಪೆಯ ಮೇಲೆ ಸಾಲಾಗಿ ಕುಳಿತರು. ನಡುವೆ ಕುರ್ಚಿಯಲ್ಲಿ ತೆಕ್ಕಾನ್ ಗುರುಗಳು, ತಲೆ ಅಲುಗಿಸದೆ. ಶಿನೊ, ಅವಳ ತೋಳು ಹಿಡಿದು ಬಂದಿದ್ದ ಕೊಗುರೆ ಮೇಸ್ತ್ರಿ, ಇಬ್ಬರೂ ತೋಟದ ಬದಿಯಲ್ಲಿದ್ದ ಸಾಮಾನಿನ ಕೊಟ್ಟಿಗೆಯ ಬಾಗಿಲಲ್ಲಿ ನಿಂತರು. ಅಲ್ಲಿಂದ ಕೋಣೆಯ ಮಾತು ಕೇಳುತ್ತಿತ್ತು.

"ಬೆಟ್ಟ ವಾಪಸ್ ಬಂದಿದೆ," ಎಂದರು ಅಕ್ಕಿಯ ಮದ್ಯದ ಅಂಗಡಿಯ ಮುದುಕರು. "ಬೇಸಿಗೇಲಿ ಬಂದಾಗ ಎಲ್ಲೋ ಹೋಗಿತ್ತು. ನನಗೇ ವಯಸ್ಸಾಗಿ ಕುಗ್ಗಿದೀನಿ ಅಂದ್ಕೊಂಡೆ."

"ಕುಗ್ಗಿರೋದೂ ನಿಜ," ಎಂದರು ಅವರ ಹೆಂಡತಿ. ಕೋಣೆ ನಕ್ಕಿತು.

ಇನ್ನೊಬ್ಬರು ಹೇಳಿದರು: "ನಿಮ್ಮ ತೋಟದವರು ನಡುವೆ ಒಂದು ಕಡ್ಡಿ ಬಿಟ್ಟಿದಾರಲ್ಲ."

"ಅದು ನಂದು," ಎಂದರು ಗುರುಗಳು.

ಕೇಶುನ್ ತಿಂಡಿಯ ತಟ್ಟೆಗಳನ್ನು ಹಂಚುತ್ತಿದ್ದ. ತಟ್ಟೆ ಇಡುವಾಗ ಮಂಡಿಯೂರಲೇಬೇಕು, ಆದರೆ ಆಗ ಮುಖ ಅತಿಥಿಯ ಕಡೆಗಿರುತ್ತದೆ. ಎಲ್ಲರಿಗೂ ತಟ್ಟೆ ಇಟ್ಟ ಮೇಲೆ ಅವನು ಕೊನೆಯ ಜಾಗದಲ್ಲಿ ತೋಟಕ್ಕೆ ಮುಖ ಮಾಡಿ ಕುಳಿತ. ಶಿನೊ ಅವನನ್ನೇ ನೋಡುತ್ತಿದ್ದಳು. ಅವನ ಕೈ ತೋಳಿನೊಳಗಿನ ಫೋನಿಗೆ ಹೋಗುತ್ತಿದ್ದದ್ದು ದಾರಿಯಲ್ಲೇ ನಿಂತಿತು. ಕೂತವನ ಕಣ್ಣಿಗೆ ಕಟ್ಟಡ ಇರಲಿಲ್ಲ. ಪಾಚಿ, ಬೇಲಿಯ ಗೆರೆ, ಗೆರೆಯಿಂದ ನೇರ ಮೇಲೆದ್ದ ಬೆಟ್ಟ. ಅವನು ಅಪ್ಪನ ಕುರ್ಚಿಯನ್ನು, ಅಪ್ಪನ ಕಣ್ಣನ್ನು, ಬೇಲಿಯ ಮೇಲಿನ ಕಡ್ಡಿಯನ್ನು ಒಂದಾದ ಮೇಲೊಂದು ನೋಡಿದ. ಮತ್ತೆ ಅದೇ ಕ್ರಮದಲ್ಲಿ ನೋಡಿದ. ಅವನ ಮುಖದಿಂದ ಅವಳಿಗೆ ಏನೂ ತಿಳಿಯಲಿಲ್ಲ.

ಅತಿಥಿಗಳು ಸಭೆಗಾಗಿ ಒಳಕೋಣೆಗೆ ಎದ್ದುಹೋದ ಮೇಲೆ ಕೊಗುರೆ ಬೇಲಿಯ ಬಳಿಗೆ ನಡೆದರು. ಕಣ್ಣು ಮಂಜಾದಾಗಿನಿಂದ ಅವರು ಕೆಲಸವನ್ನು ಬೆರಳುಗಳಿಂದ ನೋಡುತ್ತಿದ್ದರು. ಒಂದು ತುದಿಯಿಂದ ಅಂಗೈ ಬೇಲಿಯ ಮೇಲೆ ಜಾರುತ್ತ ಬಂದಿತು. ಶಿನೊ ಎರಡು ಹೆಜ್ಜೆ ಹಿಂದಿದ್ದಳು, ಅವರ ತೀರ್ಪಿಗೆ ಕಾಯುತ್ತ.

"ಮಟ್ಟ ಚೆನ್ನಾಗಿದೆ," ಎಂದರು ಅವರು. "ಯಂತ್ರದ್ದೋ ನಿಂದೋ?"

"ಯಂತ್ರ ಪೆಟ್ಟಿಗೇಲೇ ಇತ್ತು."

ಅವರು ನಗುತ್ತ ಮುಂದಕ್ಕೆ ನಡೆದರು. ಅಂಗೈ ನಡುವಿಗೆ ಬಂದು, ಮೇಲೆದ್ದ ಕಡ್ಡಿಗೆ ತಗುಲಿತು. ಮಟ್ಟ ಮೀರಿದ ಕಡ್ಡಿಗಳನ್ನು ಐವತ್ತು ವರ್ಷ ಚಿವುಟಿದ ಕೈ ಅದು. ತಲೆಯನ್ನು ಕೇಳುವ ಅಭ್ಯಾಸ ಅದಕ್ಕಿರಲಿಲ್ಲ. ಹೆಬ್ಬೆರಳು, ತೋರುಬೆರಳು ಎಲೆಯ ತೊಟ್ಟಿನ ಮೇಲೆ ಕೂಡಿಕೊಂಡವು. ಶಿನೊ ಕೈ ಚಾಚಿ ಮುಂದಕ್ಕೆ ನುಗ್ಗಿದಳು.

"ಮೇಸ್ತ್ರಿ, ಅದನ್ನ ಮುಟ್ಬೇಡಿ."

ಹೇಳಿದವನು ಕೇಶುನ್. ಅವನು ಕೊನೆಯ ಜಾಗದಿಂದ ಇನ್ನೂ ಎದ್ದಿರಲಿಲ್ಲ.

ಕೊಗುರೆ ಬೆರಳು ಬಿಡಿಸಿದರು. ಎಲೆಯನ್ನು ಸವರಿದರು, ಇನ್ನೊಂದನ್ನು ಸವರಿದರು, ಕೆಳಗಿಳಿದು ಹುರಿಯ ಗಂಟನ್ನು ಹುಡುಕಿದರು. ಮಂಜು ಕಣ್ಣುಗಳನ್ನು ಕೋಣೆಯ ಕಡೆಗೆ ತಿರುಗಿಸಿ ನಿಂತರು.

"ಯಾರ ಕಣ್ಣಿಗೆ?"

"ಗುರುಗಳ ಕಣ್ಣಿಗೆ," ಎಂದಳು ಶಿನೊ. "ಬಲಗಡೆಯದು ಬಲಗಣ್ಣಿಗೆ. ಕಟ್ಟಿರೋದು ಎಡಗಣ್ಣಿಗೆ. ಅದು ನನ್ನ ತಪ್ಪಿನದು."

"ಮಾರ್ಚ್‌ನಲ್ಲಿ ಚಿಗುರು ಬಂದ್ರೆ ಎರಡೂ ಎಲೆ ಜಾಗ ತಪ್ತವೆ. ಗುರುಗಳೂ ವರ್ಷಕ್ಕೊಂದು ಬೆರಳಷ್ಟು ಕುಗ್ತಾರೆ."

"ಗೊತ್ತು."

"ಹಾಗಾದ್ರೆ ಇನ್ಮೇಲೆ ನಿನಗೆ ನೆಮ್ಮದಿ ಇಲ್ಲ ಬಿಡು." ಅವರು ಅವಳ ತೋಳನ್ನು ಹುಡುಕಿ ಹಿಡಿದುಕೊಂಡರು. ಹಿಡಿತ ಬಿಗಿಯಾಗಿತ್ತು.

ಒಳಗಿನಿಂದ ಯಾರೋ ಕೇಶುನ್‌ನನ್ನು ಕರೆದರು. ಅವನು ಮಂಡಿ ಹಿಡಿದು ನಿಧಾನವಾಗಿ ಎದ್ದ, ಕೂತು ಅಭ್ಯಾಸವಿಲ್ಲದವನ ಹಾಗೆ. "ಜೂನ್‌ನಲ್ಲಿ ಯಾವ ದಿನ ಕತ್ತರಿಸ್ತೀರಿ ಅಂತ ಮೊದಲೇ ತಿಳಿಸಿ ಶಿನೊ," ಎಂದ. "ಊದುಬತ್ತಿ ನಾನೇ ಹಚ್ಚಿಡ್ತೀನಿ. ಇಬ್ಬರಿಗೆ ಜಾಗ ಇರುತ್ತಲ್ಲ." ಸಭೆಗೆ ಹೇಳಬೇಕಾದ್ದನ್ನು ಹೇಳಲು ಒಳಗೆ ಹೋದ.

ಶಿನೊ ತಲೆಬಾಗಿದಳು. ಜೂನ್‌ಗೆ ಇನ್ನೂ ಏಳು ತಿಂಗಳಿತ್ತು. ಬೆಟ್ಟದ ಕಡೆಯಿಂದ ಗಾಳಿ ಬಂದು ಬೇಲಿಯ ಮೇಲೆ ಹಾಯ್ದಿತು; ಸಮವಾಗಿ ಕತ್ತರಿಸಿದ ಎಲೆಗಳೆಲ್ಲ ಒಟ್ಟಿಗೆ ಅಲುಗಿ ಒಟ್ಟಿಗೆ ನಿಂತವು, ನಡುವಿನ ಎರಡು ಮಾತ್ರ ತುಸು ಹೊತ್ತು ಹೆಚ್ಚು ಅಲುಗಿದವು. ಮೇಸ್ತ್ರಿಯನ್ನು ಬಾಗಿಲವರೆಗೆ ನಡೆಸಿಕೊಂಡು ಹೋದವಳು, ಹುರಿಯ ಗಂಟನ್ನು ಇನ್ನೊಮ್ಮೆ ನೋಡಿ ಬರುತ್ತೇನೆಂದು ಹೇಳಿ ಹಿಂದಕ್ಕೆ ಬಂದಳು.